ಕಚ್ಚಿಸಿಕೊಂಡದ್ದು ನನ್ನ ಕಾಲು

ಹೊಳೆಕೊಪ್ಪದ ಹೆಂಗಸರು ಸುಗ್ರಾಳ ಹೆಸರಿಗೆ ‘ಪಾಪ’ ಎಂಬ ಮಾತನ್ನು ಅಂಟಿಸಿದ್ದು ಕಳೆದ ವರ್ಷದ ಮಾರ್ಚಿನಲ್ಲಿ. ಆ ಮಾತು ಕಿವಿಗೆ ಬಿದ್ದಲ್ಲೆಲ್ಲ ಅವಳು ನಿಂತುಬಿಡುತ್ತಿದ್ದಳು. ಸೀರೆಯ ಅಂಚನ್ನು ತುಸು ಮೇಲಕ್ಕೆ ಸರಿಸಿ, ಬಲಗಾಲಿನ ಮೀನಖಂಡದ ಮೇಲೆ ಸಾಲಾಗಿ ಮಾಗಿದ ಗಾಯಗಳನ್ನು ತೋರಿಸಿ, “ಸರಿಯಾಗಿ ನೋಡ್ಕಳ್ರಿ. ಪಾಪ ಅನ್ನಂಗೆ ಐತಾ? ಹೊಲಿಗೆ ಎಷ್ಟು ಒಪ್ಪವಾಗಿ ಹಾಕ್ಯಾರೆ ನೋಡ್ರಿ” ಎನ್ನುತ್ತಿದ್ದಳು. ಹೊಲಿಗೆಯ ಬಗ್ಗೆ ಮಾತಾಡುವ ಅಧಿಕಾರ ಅವಳಿಗಿತ್ತು. ಕೌದಿ ಹೊಲಿಯುವುದು, ಊರವರ ಕೌದಿ ಒಗೆದುಕೊಡುವುದು, ಇವೆರಡೇ ಅವಳ ಕಸುಬು.

ಅವಳು ಹುಟ್ಟಿದ್ದು ಜಗಳೂರಿನಲ್ಲಿ. ಅಲ್ಲಿ ನೀರು ಎಂಬುದು ಬರುವ ವಸ್ತು, ಇರುವ ವಸ್ತುವಲ್ಲ. ನಲ್ಲಿಯಲ್ಲಿ ಬರಬೇಕು, ಟ್ಯಾಂಕರಿನಲ್ಲಿ ಬರಬೇಕು; ಬಂದಾಗ ಬಿಂದಿಗೆ ಹಿಡಿದು ಓಡಬೇಕು. ಹೊನ್ನಾಳಿ ತಾಲ್ಲೂಕಿನ ಹೊಳೆಕೊಪ್ಪಕ್ಕೆ, ಗಾದಿ ಮಾಡುವ ಖಲಂದರನ ಹೆಂಡತಿಯಾಗಿ ಬಂದ ಮರುದಿನ ಅತ್ತೆ ಅವಳನ್ನು ತುಂಗಭದ್ರೆಯ ಮೆಟ್ಟಿಲಿಗೆ ಕರೆದೊಯ್ದಳು. ಈ ದಡದಿಂದ ಆ ದಡದವರೆಗೆ ತುಂಬಿ ಹರಿಯುತ್ತಿದ್ದ ನೀರನ್ನು ಸ್ವಲ್ಪ ಹೊತ್ತು ನೋಡಿದ ಹೊಸ ಸೊಸೆ ಕೇಳಿದ್ದು ಒಂದೇ ಮಾತು: “ಇದು ಎಷ್ಟು ಗಂಟೆವರೆಗೆ ಬರ್ತೈತೆ?” ಊರು ಆ ಮಾತನ್ನು ಇಂದಿಗೂ ಹೇಳಿಕೊಂಡು ನಗುತ್ತದೆ. ಸುಗ್ರಾ ಅಂದೂ ನಕ್ಕಿರಲಿಲ್ಲ, ಆಮೇಲೂ ನಗಲಿಲ್ಲ. ಮುಚ್ಚದ ನಲ್ಲಿಯೊಂದು ತನ್ನ ಮನೆಯ ಹಿಂದೆ ಇದೆಯೆಂಬುದು ಅವಳಿಗೆ ಹಾಸ್ಯದ ವಿಷಯವಾಗಿರಲಿಲ್ಲ.

ಕೌದಿ ಒಗೆಯುವುದು ಬಟ್ಟೆ ಒಗೆದಂತಲ್ಲ. ಐದಾರು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಒತ್ತೊತ್ತಾಗಿ ಹೊಲಿದ ಆ ಹೊದಿಕೆ ಒಣಗಿದ್ದಾಗ ಕೂಸಿನಷ್ಟು ಹಗುರ, ನೆನೆದಾಗ ಎಮ್ಮೆಗರುವಿನಷ್ಟು ಭಾರ. ನಲ್ಲಿಯ ಕೆಳಗೆ ಹಿಡಿದರೆ ಅದು ಕುಡಿದ ಒಗೆಯುವ ಸೋಡಾ ಬಿಡುವುದಿಲ್ಲ. ತೊಡೆಮಟ್ಟದ ನೀರಿಗಿಳಿದು, ಹರಿವಿಗೆ ಅಡ್ಡಲಾಗಿ ಹರಡಿ, ಹೊಳೆಯೇ ಅದರೊಳಗಿಂದ ಹಾದುಹೋಗುವಂತೆ ಮಾಡಬೇಕು. ಆಮೇಲೆ ಹಿಂಡಬೇಕು. ಹಿಂಡಲು ಇಬ್ಬರು ಬೇಕು. ಎದುರುಬದುರು ನಿಂತು, ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಒಬ್ಬರಿಗೆ ವಿರುದ್ಧವಾಗಿ ಒಬ್ಬರು ತಿರುಚಬೇಕು. ಒಬ್ಬರು ಸಡಿಲ ಬಿಟ್ಟರೆ ಇನ್ನೊಬ್ಬರು ನೀರಿಗೆ ಬೀಳುತ್ತಾರೆ.

ಸುಗ್ರಾಳ ಕೌದಿಯ ಇನ್ನೊಂದು ತುದಿಯಲ್ಲಿ ಯಾವಾಗಲೂ ಇರುತ್ತಿದ್ದವಳು ಪಕ್ಕದ ಮನೆಯ ಕೆಂಪಕ್ಕ. ಅವಳು ಸುಗ್ರಾಳಿಗಿಂತ ಹಿರಿಯಳು, ಹೊಲಗೆಲಸದಲ್ಲಿ ಗಟ್ಟಿಯಾದ ಕೈಯವಳು, ಬಾಯಿಯೂ ಹಾಗೆಯೇ. ಹಬ್ಬ ಹತ್ತಿರವಾದಾಗ ಇಬ್ಬರೂ ಸೇರಿ ಊರಿನ ಅರ್ಧದಷ್ಟು ಹಾಸಿಗೆ ತೊಳೆದುಕೊಡುತ್ತಿದ್ದರು.

ಹೊಳೆಯಲ್ಲಿ ಮೊಸಳೆ ಇರುವುದು ಹೊಳೆಕೊಪ್ಪಕ್ಕೆ ಹೊಸ ಸಂಗತಿಯಲ್ಲ. ಮಡುವಿನ ಆಚೆಯ ಹಾಸುಬಂಡೆಯ ಮೇಲೆ ಚಳಿಗಾಲದ ಬೆಳಿಗ್ಗೆಗಳಲ್ಲಿ ಅದು ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುತ್ತದೆ. ಅದು ಆಚೆ, ಜನ ಈಚೆ. ಈ ಒಪ್ಪಂದ ಮುರಿಯತೊಡಗಿದ್ದು ಊರಿನ ಕೋಳಿ ಅಂಗಡಿಗಳು ಮೆಟ್ಟಿಲಿನ ಹತ್ತಿರಕ್ಕೆ ಬಂದಮೇಲೆ. ಕೋಳಿಯ ಕರುಳು, ಪುಕ್ಕ, ಕಾಲುಗಳನ್ನು ಬೀದಿಗೆ ಹಾಕಿದರೆ ನಾಯಿಗಳು ಕಚ್ಚಾಡುತ್ತವೆ. ಹರಿಯುವ ನೀರಿಗೆ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎಂದು ಊರು ನಂಬಿತ್ತು. ಹೆಂಗಸರು ಒಗೆತ ಮುಗಿಸಿ ಮನೆ ಸೇರಿದ ಮೇಲೆ, ಮುಸ್ಸಂಜೆಗೆ, ಅಂಗಡಿಯವರು ಬುಟ್ಟಿ ತಂದು ಮೆಟ್ಟಿಲ ಮೇಲಿನಿಂದ ಸುರಿಯುತ್ತಿದ್ದರು. ಕತ್ತಲಾದ ಮೇಲೆ ಮೊಸಳೆ ಬಂದು ತಿಂದು ಹೋಗುತ್ತಿತ್ತು. ಒಂದೇ ಮೆಟ್ಟಿಲನ್ನು ಮೂವರು ಮೂರು ಹೊತ್ತಿನಲ್ಲಿ ಬಳಸುತ್ತಿದ್ದರು; ಒಬ್ಬರಿಗೊಬ್ಬರು ಎದುರಾಗಿರಲಿಲ್ಲ, ಅಷ್ಟೆ.

ಎದುರಾದದ್ದು ಕಳೆದ ವರ್ಷ. ಯುಗಾದಿ, ರಂಜಾನ್ ಎರಡೂ ಒಂದರ ಬೆನ್ನಿಗೊಂದು ಬಂದಿದ್ದವು. ಎರಡು ಹಬ್ಬದ ಹಾಸಿಗೆ ಒಂದೇ ವಾರದಲ್ಲಿ ಮೆಟ್ಟಿಲಿಗೆ ಇಳಿಯಿತು. ರೋಜಾ ಉಪವಾಸದಲ್ಲಿದ್ದ ಸುಗ್ರಾ ಬಿಸಿಲು ತಗ್ಗಲಿ ಎಂದು ಮಧ್ಯಾಹ್ನ ಕಳೆದ ಮೇಲೆ ನೀರಿಗಿಳಿದಿದ್ದಳು. ಹೊತ್ತು ಮುಳುಗುವಾಗ ಇನ್ನೂ ಒಂದು ಕೌದಿ ಉಳಿದಿತ್ತು. ಅದೇ ಹೊತ್ತಿಗೆ ಅವಳ ಮೈದುನ ಕಲೀಮುಲ್ಲಾ ತನ್ನ ಅಂಗಡಿಯ ಬುಟ್ಟಿ ಹೊತ್ತು ಬಂದ. ಒದ್ದೆ ಸೀರೆಯಲ್ಲಿ ಹೆಂಗಸರು ನಿಂತಿದ್ದಾರೆ, ಅತ್ತಿಗೆಯೂ ಇದ್ದಾಳೆ ಎಂದು ಕಂಡು, ಮರ್ಯಾದೆಯಿಂದ ಮುಖ ತಿರುಗಿಸಿ, ಹರಿವಿನ ತುಸು ಮೇಲುಗಡೆಗೆ ನಡೆದುಹೋಗಿ, ಹೊಂಗೆಮರದ ಮರೆಯಲ್ಲಿ ಸದ್ದಿಲ್ಲದೆ ಸುರಿದು ಹೋದ. ಕೂಗಿ ಹೇಳುವುದು ಅವನಿಗೆ ಸಭ್ಯತೆಯಾಗಿ ಕಾಣಲಿಲ್ಲ. ಅವನು ಸುರಿದದ್ದೆಲ್ಲ ಹರಿವಿನ ಜೊತೆ ತೇಲಿ ಸುಗ್ರಾ ಹರಡಿದ್ದ ಕೌದಿಗೆ ಬಂದು ಅಂಟಿಕೊಂಡಿತು.

“ಯಾವ ಮನೆಹಾಳ ಸುರಿದನೇ ಇದನ್ನ” ಎಂದು ಬಯ್ಯುತ್ತ ಅವಳು ಪುಕ್ಕ ಕೀಳುತ್ತಿದ್ದಾಗ ನೀರು ಒಮ್ಮೆ ಉಬ್ಬಿತು.

ಕೌದಿ ಅವಳ ಕಾಲಿಗೆ ಸುತ್ತಿಕೊಂಡಿತ್ತು. ಮೊಸಳೆ ಹಿಡಿದದ್ದು ಎರಡನ್ನೂ ಸೇರಿಸಿ. ಆ ದಪ್ಪ ಪದರಗಳು ಇರದಿದ್ದರೆ ಕಾಲು ಉಳಿಯುತ್ತಿರಲಿಲ್ಲವೆಂದು ದಾವಣಗೆರೆಯ ಆಸ್ಪತ್ರೆಯಲ್ಲಿ ವೈದ್ಯರು ಆಮೇಲೆ ಹೇಳಿದರು. ಕೌದಿಯ ಇನ್ನೊಂದು ತುದಿ ಮೆಟ್ಟಿಲ ಮೇಲಿದ್ದ ಕೆಂಪಕ್ಕನ ಮಣಿಕಟ್ಟಿಗೆ ಸುತ್ತಿತ್ತು. ಅವಳು ಬಿಡಲಿಲ್ಲ. ಹಿಂಡುವಾಗ ಹಿಡಿಯುವಂತೆಯೇ ಹಿಡಿದು, ಮೆಟ್ಟಿಲಿಗೆ ಹಿಮ್ಮಡಿ ಒತ್ತಿ, ಮೊಸಳೆ ಎಳೆದಷ್ಟೂ ತಾನೂ ಎಳೆದಳು. ಕೊನೆಗೆ ಸೀರೆಗಳ ಪದರ ಹರಿದು, ಒಂದು ಭಾಗ ಮೊಸಳೆಯ ಬಾಯಿಗೆ ಹೋಯಿತು. ಉಳಿದದ್ದು ಸುಗ್ರಾಳ ಸಮೇತ ಮೆಟ್ಟಿಲಿಗೆ ಬಂತು.

ಆಸ್ಪತ್ರೆಯಿಂದ ಕುಂಟುತ್ತ ಊರಿಗೆ ಮರಳಿದ ದಿನ ಬಸ್ಸಿನಿಂದ ಇಳಿದ ಸುಗ್ರಾ ಮೊದಲು ನೋಡಿದ್ದು ತನ್ನದೇ ಕಾಲನ್ನು. ನಿಲ್ದಾಣದ ಎದುರಿಗೆ ಕಟ್ಟಿದ್ದ ಆಳೆತ್ತರದ ಫ್ಲೆಕ್ಸಿನಲ್ಲಿ, ರಕ್ತ ಒಸರುವ ಬ್ಯಾಂಡೇಜಿನ ಸಮೇತ, ಅದು ಅಚ್ಚಾಗಿತ್ತು. ಮೇಲೆ ‘ಮೊಸಳೆಮುಕ್ತ ಹೊಳೆ ನಮ್ಮ ಹಕ್ಕು’ ಎಂದಿತ್ತು. ಕೆಳಗೆ ಗ್ರಾಮ ಪಂಚಾಯಿತಿ ಸದಸ್ಯ ಪ್ರದೀಪ್ ಕೈಮುಗಿದು ನಿಂತಿದ್ದ. ಸುಗ್ರಾ ಗಂಡನ ಹೆಗಲು ಬಿಟ್ಟು, ಊರುಗೋಲಿನಿಂದ ಫ್ಲೆಕ್ಸಿನ ಒಂದು ಮೂಲೆಯನ್ನು ಕಿತ್ತಳು. ಉಳಿದ ಮೂರು ಮೂಲೆಗಳನ್ನು ಖಲಂದರ್ ಬಿಚ್ಚಿದ. ಹೆಂಡತಿ ನೋಡುತ್ತಿರುವಾಗ ಸುಮ್ಮನೆ ನಿಲ್ಲುವುದು ಅವನಿಗೆ ಅಭ್ಯಾಸವಿರಲಿಲ್ಲ.

“ಕಾಲು ನಂದು. ಮನೆಗೆ ಒಯ್ತೀನಿ” ಎಂದು ಅವಳು ಫ್ಲೆಕ್ಸನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಮೆಟ್ಟಿಲಿಗೆ ಮುಳ್ಳುತಂತಿ ಬಿದ್ದಿತ್ತು. ಮೊಸಳೆಯನ್ನು ಹಿಡಿದೊಯ್ಯುವವರೆಗೆ ಯಾರೂ ಇಳಿಯಬಾರದು. ಹಿಡಿಯಲು ಆಗದಿದ್ದರೆ ಕಲ್ಲುಕಂಬ ನೆಟ್ಟು ಮೆಟ್ಟಿಲನ್ನು ಶಾಶ್ವತವಾಗಿ ಮುಚ್ಚಬೇಕು ಎಂಬ ಮಾತು ನಡೆದಿತ್ತು. ಕಂಬಗಳು ಆಗಲೇ ಬಂದು ಪಂಚಾಯಿತಿಯ ಮುಂದೆ ಬಿದ್ದಿದ್ದವು. ಮೆಟ್ಟಿಲು ಹೋದರೆ ಸುಗ್ರಾಳ ಕಸುಬು ಹೋಗುತ್ತಿತ್ತು. ಆದರೆ ಅವಳನ್ನು ಕೆರಳಿಸಿದ್ದು ಕಸುಬು ಮಾತ್ರವಲ್ಲ. ಬಂದ ನೀರನ್ನು ಯಾರೋ ಮತ್ತೆ ನಿಲ್ಲಿಸುತ್ತಿದ್ದರು, ಅದೂ ಅವಳ ಕಾಲಿನ ಹೆಸರಿನಲ್ಲಿ.

ಗ್ರಾಮಸಭೆಯ ದಿನ ಅವಳು ಮುಂದಿನ ಸಾಲಿನಲ್ಲೇ ಕುಳಿತಳು. ಅರಣ್ಯ ಇಲಾಖೆಯ ಗಾರ್ಡ್ ಪರಶುರಾಮ್ ಕೂಡ ಬಂದಿದ್ದ. ಪ್ರದೀಪ್ ಮಾತು ಶುರುಮಾಡಿದ.

“ಸುಗ್ರಕ್ಕನ ಗತಿ ನೋಡೀರಿ. ನಾಳೆ ನಮ್ಮ ಮನೆ ಹೆಣ್ಣುಮಕ್ಕಳಿಗೂ ಹಿಂಗೇ ಆಗಬೌದು. ಅದನ್ನ ಹಿಡೀರಿ, ಇಲ್ಲಾ ಕೊಲ್ಲಾಕೆ ಪರ್ಮಿಷನ್ ಕೊಡ್ರಿ.”

“ಕೊಲ್ಲಾಕೆ ಯಾರೂ ಪರ್ಮಿಷನ್ ಕೊಡಲ್ಲ” ಎಂದ ಪರಶುರಾಮ್. “ಹಿಡಿಯೋದಕ್ಕೂ ಮೇಲಿಂದ ಆದೇಶ ಬರಬೇಕು. ಬಂತು ಅಂತ ಇಟ್ಕಳ್ರಿ, ಇದನ್ನ ಒಯ್ದ್ವಿ. ಜಾಗ ಖಾಲಿ ಆತು, ತಿನ್ನಾಕೆ ಸಿಗ್ತೈತೆ, ಮಳೆಗಾಲದಾಗೆ ಇನ್ನೊಂದು ಬಂದು ಕೂರ್ತೈತೆ. ಆಗ ಏನ್ ಮಾಡ್ತೀರಿ?”

“ಆಗ ಅದನ್ನೂ ಒಯ್ರಿ.”

“ಹಂಗಾದ್ರೆ ನಾನು ನಿಮ್ಮೂರಾಗೇ ಮನೆ ಮಾಡಬೇಕಾಗ್ತೈತೆ.”

ಸಭೆ ನಕ್ಕಿತು. ನಗು ಮುಗಿಯುವ ಮೊದಲೇ ಸುಗ್ರಾ ಊರುಗೋಲು ಊರಿ ಎದ್ದಳು.

“ಪ್ರದೀಪಾ, ನನ್ನ ಸಲುವಾಗಿ ಮಾಡ್ತಿದ್ದೀಯಲ್ಲ, ನನ್ನ ಒಂದು ಮಾತು ಕೇಳಿದ್ಯಾ?”

“ಕೇಳೋದೇನೈತೆ ಸುಗ್ರಕ್ಕಾ, ಕಾಲು ನೋಡಿದ್ರೆ ಗೊತ್ತಾಗಲ್ವಾ?”

“ಕಚ್ಚಿಸಿಕೊಂಡದ್ದು ನನ್ನ ಕಾಲು. ಅದರ ಬಾಯಿಗೆ ಹೋಗಿ ಬಂದೋಳು ಈ ಸಭೆನಾಗೆ ನಾನೊಬ್ಬಳೇ. ಅದಕ್ಕೇ ಹೇಳ್ತೀನಿ. ಅದು ನನ್ನ ಹುಡುಕ್ಕೊಂಡು ಬರಲಿಲ್ಲ. ದಿನಾ ಹೊತ್ತು ಮುಳುಗೋ ಹೊತ್ತಿಗೆ ಬುಟ್ಟಿ ಸುರಿದು ಊಟಕ್ಕೆ ಕರೆದೋರು ನಾವು. ಬಂದಾಗ ನಾನು ಅಡ್ಡ ನಿಂತಿದ್ದೆ. ಮೊದಲು ಬುಟ್ಟಿ ನಿಲ್ಲಿಸ್ರಿ.”

ಹಿಂದಿನ ಸಾಲಿನಲ್ಲಿ ಕಲೀಮುಲ್ಲಾ ತಲೆ ತಗ್ಗಿಸಿದ. ಯಾರೋ ಕೂಗಿದರು: “ಏನವ್ವಾ, ಮೊಸಳೆ ನಿನಗೆ ಬೀಗರೇನು?”

“ಬೀಗರೇ. ಅಷ್ಟು ಜನರ ಮುಂದೆ ಕಾಲು ಹಿಡಿದೈತಲ್ಲ.”

ಈ ಸಲ ನಗು ಜೋರಾಗಿತ್ತು. ಆದರೆ ಕೆಂಪಕ್ಕ ನಗಲಿಲ್ಲ. ಹೆಂಗಸರ ನಡುವಿನಿಂದ ಎದ್ದು ನಿಂತವಳು ಸಭೆಗೆ ಬೆನ್ನು ಹಾಕಿ ಸುಗ್ರಾಳಿಗೆ ಮಾತ್ರ ಹೇಳಿದಳು.

“ನಿನ್ನ ಬಾಯಿಗೆ ಎಲ್ಲಾ ತಮಾಷಿ. ಎಳೆದೋಳು ನಾನು ಕಣೇ. ಆ ಕಡೆಯಿಂದ ಅದು ಎಳೆದಿದ್ದು ಇನ್ನೂ ನನ್ನ ಕೈಯಾಗೆ ಐತೆ. ಅನ್ನ ಕಲಸುವಾಗ ಐತೆ, ಮಲಗಿದಾಗ ಐತೆ. ಅದು ಇರೋ ನೀರಿಗೆ ನಾನು ಇಳಿಯಲ್ಲ. ನೀನು ಇಳೀತೀಯಾ, ಇಳಿ. ಇನ್ನೊಂದು ತುದಿಗೆ ಯಾರನ್ನಾದ್ರೂ ನೋಡ್ಕ.”

ಸುಗ್ರಾ ಊರುಗೋಲನ್ನು ಪಕ್ಕಕ್ಕಿಟ್ಟು ಕುಳಿತಳು.

ಸಭೆ ಏನನ್ನೂ ತೀರ್ಮಾನಿಸಲಿಲ್ಲ. ಇಲಾಖೆಯನ್ನು ಕಾಯಲು ಒಪ್ಪದ ಪ್ರದೀಪನ ಕಡೆಯ ಕೆಲವರು ತಾವೇ ಒಂದು ದಾರಿ ಹುಡುಕಿದರು. ಎಲ್ಲಿಂದಲೋ ದಪ್ಪ ನೈಲಾನ್ ಬಲೆ ತಂದು, ಮಡುವಿಗೆ ಅಡ್ಡಲಾಗಿ ಈ ದಡದ ಹೊಂಗೆಮರದಿಂದ ಆ ದಡದ ಬಂಡೆಗೆ ಬಿಗಿದರು. ಮೂರನೆಯ ಬೆಳಿಗ್ಗೆ, ತೆಪ್ಪ ನಡೆಸುತ್ತ ಮೀನು ಹಿಡಿಯುವ ಹನುಮಣ್ಣ ಸುಗ್ರಾಳ ಮನೆಯ ಬಾಗಿಲಿಗೆ ಬಂದ.

“ಬಲೆಗೆ ಬಿದ್ದೈತೆ ಕಣವ್ವಾ.”

“ಮೊಸಳೆನಾ?”

“ಮೊಸಳೆ ಬಂಡೆ ಮೇಲೆ ಕುಂತು ನೋಡ್ತೈತೆ. ಬಿದ್ದಿರೋದು ಬೇರೆ. ಬಾ, ನಾ ಹೇಳಿದ್ರೆ ನಂಬಲ್ಲ ನೀನು.”

ಸುಗ್ರಾ ಕೌದಿ ಕತ್ತರಿಸುವ ದೊಡ್ಡ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೆಪ್ಪ ಹತ್ತಿದಳು. ಮುಳ್ಳುತಂತಿಯ ಆಚೆಗೆ, ಕಚ್ಚಿಸಿಕೊಂಡ ಮೇಲೆ ಮೊದಲ ಸಲ, ಅವಳು ನೀರಿನ ಮೇಲಿದ್ದಳು. ತೆಪ್ಪದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು, ಹನುಮಣ್ಣ ಕಂಡರೂ ಕಾಣದವನಂತೆ ಹುಟ್ಟು ಹಾಕಿದ. ಬಲೆಯಲ್ಲಿ ಎರಡು ಆಮೆಗಳು ಉಸಿರುಗಟ್ಟಿ ಸತ್ತಿದ್ದವು. ಇನ್ನೊಂದು ಇನ್ನೂ ಕಾಲು ಆಡಿಸುತ್ತಿತ್ತು. ಅವುಗಳ ಆಚೆ ಸತ್ತ ಒಂದು ನೀರುನಾಯಿ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಸುತ್ತಿಕೊಂಡು, ಬಲೆಯ ದಾರ ಅದರ ಬಾಯಿಯನ್ನು ಸೀಳಿತ್ತು. ಮಳೆಗಾಲ ಮುಗಿದ ಬೆಳಿಗ್ಗೆಗಳಲ್ಲಿ ಗುಂಪಾಗಿ ಈಜುತ್ತ, ಒಗೆಯುವ ಹೆಂಗಸರನ್ನು ತಲೆ ಎತ್ತಿ ನೋಡಿ ಮುಳುಗುತ್ತಿದ್ದ ಗುಂಪಿನಲ್ಲಿ ಅದೂ ಒಂದಾಗಿತ್ತು.

ಸುಗ್ರಾ ಬದುಕಿದ್ದ ಆಮೆಯನ್ನು ಬಿಡಿಸಿ ನೀರಿಗೆ ಬಿಟ್ಟಳು. ಆಮೇಲೆ ಬಲೆಯನ್ನು ಕತ್ತರಿಸತೊಡಗಿದಳು. ಹೊಲಿಗೆ ಬಿಚ್ಚುವವಳ ಹಾಗೆ ಗಂಟು ಗಂಟು ಹುಡುಕಿ ಅಲ್ಲ. ಸಿಕ್ಕಲ್ಲಿ ಕತ್ತರಿ ಹಾಕಿ. ದಡದಲ್ಲಿ ಬಲೆಯವರು ಕೂಗಾಡುತ್ತಿದ್ದರು.

“ಬಲೆ ಹಾಳು ಮಾಡ್ತಿದ್ದೀರಲ್ರೀ, ಯಾರು ಕೊಡ್ತಾರೆ ಅದನ್ನ?”

“ಇವನ್ನ ಯಾರು ಕೊಡ್ತಾರೆ?” ಎಂದು ಅವಳು ತಿರುಗಿ ಕೂಗಿದಳು. “ಮೊದಲು ಇವನ್ನ ಕೊಡ್ರಿ, ಆಮೇಲೆ ಬಲೆ ಕೇಳ್ರಿ.”

ಮೊಸಳೆ ಹರಿದು ಉಳಿಸಿದ ಆ ಕೌದಿಯ ತುಂಡು ಅವಳ ಮನೆಯಲ್ಲಿತ್ತು. ಅದರಲ್ಲಿ ನೀರುನಾಯಿಯನ್ನು ಸುತ್ತಿ ತಂದು ಪಂಚಾಯಿತಿಯ ಜಗಲಿಯ ಮೇಲೆ, ಕಲ್ಲುಕಂಬಗಳ ಪಕ್ಕದಲ್ಲಿ ಮಲಗಿಸಿದಳು. ಪ್ರದೀಪ್ ಬಂದ. ಬಲೆ ಕಟ್ಟಿದವರು ತನ್ನ ಕಡೆಯವರೆಂದು ಅವನಿಗೆ ಗೊತ್ತಿತ್ತು. ನೀರುನಾಯಿ ಬೀಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅವನು ಕೆಟ್ಟವನಲ್ಲ. ಅವನ ತಾಯಿ ಕೂಡ ಅದೇ ಮೆಟ್ಟಿಲಿನಲ್ಲಿ ಒಗೆದವಳು. ಅವನ ಹೆದರಿಕೆ ನಿಜವಾದದ್ದೇ ಆಗಿತ್ತು.

“ಇದೇನು ಸುಗ್ರಕ್ಕಾ” ಎಂದ ಮೆಲ್ಲಗೆ.

“ಇದರ ಫೋಟೊ ಹಾಕ್ಸು ಫ್ಲೆಕ್ಸಿಗೆ. ಕೆಳಗೆ ಕೈ ಮುಗಿ.”

ಪರಶುರಾಮ್ ಬಂದು ಉಳಿದ ಬಲೆಯನ್ನು ಸುತ್ತಿಸಿ ಒಯ್ದ. ಹೋಗುವ ಮುನ್ನ ಸುಗ್ರಾಳ ಜಗಲಿಯಲ್ಲಿ ಚಹಾ ಕುಡಿಯುತ್ತ, ತರಬೇತಿಗೆ ಹೋದಾಗ ಕೇಳಿದ ಒಂದು ವಿಷಯ ಹೇಳಿದ. ಮೊಸಳೆಗಳಿರುವ ಕೆಲವು ಊರುಗಳಲ್ಲಿ ಜನ ಮೊಸಳೆಯನ್ನು ಬೇಲಿಯೊಳಗೆ ಹಾಕುವುದಿಲ್ಲ. ತಮ್ಮ ಸ್ನಾನದ ಜಾಗಕ್ಕೆ ನೀರಿನೊಳಗೇ ಬೇಲಿ ಹಾಕಿಕೊಳ್ಳುತ್ತಾರೆ. ಮೀನು ನುಸುಳಬೇಕು, ಮೊಸಳೆ ನುಸುಳಬಾರದು, ಅಷ್ಟು ಸಂದು.

“ಆದರೆ ಬುಟ್ಟಿ ನಿಲ್ಲದಿದ್ರೆ ಬೇಲಿ ಹಾಕಿ ಪ್ರಯೋಜನ ಇಲ್ಲಮ್ಮ. ಬೇಲಿ ಮುಂದೆ ದಿನಾ ಊಟ ಇಟ್ರೆ ಅದು ಬೇಲಿ ಮುರಿಯೋದನ್ನೂ ಕಲೀತೈತೆ.”

ಮರುದಿನ ಮುಸ್ಸಂಜೆ ಸುಗ್ರಾ ಮುಳ್ಳುತಂತಿಯನ್ನು ಊರುಗೋಲಿನಿಂದ ಎತ್ತಿ ಒಳಗೆ ನುಸುಳಿ, ಬುಟ್ಟಿ ಸುರಿಯುವ ಮೇಲಿನ ಮೆಟ್ಟಿಲಿನಲ್ಲಿ ಕಾಲು ಚಾಚಿ ಕುಳಿತಳು. ಮೊದಲು ಬಂದ ಅಂಗಡಿಯವನು ಅವಳನ್ನು ಕಂಡು ನಿಂತ.

“ಪಕ್ಕಕ್ಕೆ ಸರೀರಿ ಅಮ್ಮ.”

“ಸರಿಯಲ್ಲ. ಸುರೀಬೇಕು ಅಂದ್ರೆ ನನ್ನ ಮೇಲೆ ಸುರಿ. ನೆತ್ತಿಯಿಂದ ಸುರಿ.”

ಅವನು ಬುಟ್ಟಿ ಹೊತ್ತು ವಾಪಸಾದ. ಮರುದಿನವೂ ಅವಳು ಕುಳಿತಳು, ಅದರ ಮರುದಿನವೂ. ಅಂಗಡಿಯವರು ಹೊಂಗೆಮರದ ಕಡೆಗೆ ಹೋದರೆ ಅಲ್ಲಿಗೂ ಕುಂಟುತ್ತ ಹೋದಳು. ಕೆಲವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಮಸೀದಿಯ ಮುಂದೆ ಯಾರೋ ಖಲಂದರನನ್ನು ಕೇಳಿದರು, ಹೆಂಡತಿಯನ್ನು ಹಿಡಿತದಲ್ಲಿಡಲು ಆಗುವುದಿಲ್ಲವೇ ಎಂದು. “ಮೊಸಳೆ ಕೈಲೇ ಆಗಲಿಲ್ಲ. ನನ್ನಿಂದ ಆಗ್ತೈತಾ?” ಎಂದ ಖಲಂದರ್.

ಕೊನೆಯಲ್ಲಿ ಬಂದವನು ಕಲೀಮುಲ್ಲಾ. ಅವನ ಕೈಯಲ್ಲಿ ಬುಟ್ಟಿಯಿತ್ತು. ಅತ್ತಿಗೆಗಿಂತ ಎರಡು ಮೆಟ್ಟಿಲು ಮೇಲೆ ನಿಂತ.

“ಭಾಬಿ, ಮನೆಗೆ ಬಾ. ನನ್ನಿಂದಲೇ ಆಗಿದ್ದು ಅಂತ ಊರಿಗೆಲ್ಲ ಗೊತ್ತಾಯ್ತು. ಇನ್ನೂ ಏನು ತೋರಿಸಬೇಕು?”

“ನಿನ್ನ ತೋರಿಸಾಕೆ ಕೂತಿಲ್ಲ ಕಲೀಮ್. ನೀನೇ ಆಮೇಲೆ ಹೇಳ್ಕಂಡಂಗೆ, ಅವತ್ತು ಮುಖ ತಿರುಗಿಸಿಕೊಂಡು ಹೋದೆ, ಒಳ್ಳೇದಕ್ಕೇ ಹೋದೆ. ಒಂದು ಸಲ ಕೂಗಿದ್ರೆ ಸಾಕಿತ್ತು. ನಾಳೆಯಿಂದ ಮುಖ ತಿರುಗಿಸಬೇಡ. ಇಲ್ಲಿ ಸುರಿಯೋರು ಯಾರೇ ಇರಲಿ, ನೋಡು, ಕೂಗು.”

“ಸುರಿಯದೇ ಇದ್ರೆ ಎಲ್ಲಿ ಹಾಕೋದು?”

“ಗುಂಡಿ ತೋಡು.”

“ನಾನೊಬ್ಬನೇ?”

“ನಾನೊಬ್ಬಳೇ ಕೂತಿಲ್ವಾ?”

ಗುಂಡಿ ತೋಡಿದ್ದು ಊರಾಚೆಯ ಪಂಚಾಯಿತಿ ಜಾಗದಲ್ಲಿ. ಕಲೀಮುಲ್ಲಾ ಶುರುಮಾಡಿದ, ಉಳಿದ ಅಂಗಡಿಯವರು ಅವನಷ್ಟೇ ನಾಚಿಕೆಯಿಂದ ಸೇರಿಕೊಂಡರು. ಒಂದು ಪದರ ಕಸ, ಒಂದು ಪದರ ಮಣ್ಣು, ಸುಣ್ಣ. ಮಾಗಿದ ಗೊಬ್ಬರವನ್ನು ಈಗ ಚನ್ನಗಿರಿ ಕಡೆಯ ತೋಟದವರು ಬಂದು ಒಯ್ಯುತ್ತಾರೆ. ನಾಯಿಗಳು ಕೆದಕದಂತೆ ಗುಂಡಿಯ ಮೇಲೆ ಮುಚ್ಚಲು ಸುಗ್ರಾ ತನ್ನ ಫ್ಲೆಕ್ಸನ್ನು ಕೊಟ್ಟಳು. ‘ಮೊಸಳೆಮುಕ್ತ ಹೊಳೆ’ ಕೆಳಮುಖವಾಗಿ ಕರುಳು ಪುಕ್ಕಗಳ ಮೇಲೆ ಮಲಗಿತು. ಪ್ರದೀಪ್ ಒಂದು ದಿನ ಆ ಕಡೆ ಹೋದವನು, ಮಡಚಿಕೊಂಡ ಮೂಲೆಯಲ್ಲಿ ತನ್ನ ಮುಗಿದ ಕೈಗಳನ್ನು ಗುರುತಿಸಿ, ಬಂದ ದಾರಿಯಲ್ಲೇ ತಿರುಗಿದ.

ಅವನು ಮಾಡಿದ ಒಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಪಂಚಾಯಿತಿಯ ಮುಂದೆ ಬಿದ್ದಿದ್ದ ಕಲ್ಲುಕಂಬಗಳನ್ನು ಕೇಳಲು ಸುಗ್ರಾ ಹೋದಾಗ, ಅವು ಮೆಟ್ಟಿಲು ಮುಚ್ಚಲು ತಂದವು ಎಂದು ಮೊದಲು ಗೊಣಗಿದ.

“ಕಂಬ ಅವೇ ಇರಲಿ ಪ್ರದೀಪಾ. ನೆಡೋ ಜಾಗ ಮಾತ್ರ ಬದಲಾಗಲಿ. ನಮ್ಮನ್ನ ತಡೆಯಾಕೆ ತಂದಿದ್ದು, ಮೊಸಳೆನ ತಡೀಲಿ.”

ಆಮೇಲೆ ತಾನೇ ನಿಂತು ಕಂಬಗಳನ್ನು ಟ್ರ್ಯಾಕ್ಟರಿಗೆ ತುಂಬಿಸಿದ. ಮೇ ತಿಂಗಳಲ್ಲಿ ಹೊಳೆ ತಗ್ಗಿದಾಗ ಮೆಟ್ಟಿಲಿನ ಎರಡೂ ಬದಿಯಿಂದ ನೀರಿನೊಳಕ್ಕೆ ಅರ್ಧಚಂದ್ರದಂತೆ ಕಂಬ ನೆಟ್ಟರು. ನಡುವೆ ಚನ್ನಗಿರಿಯಿಂದ ತರಿಸಿದ ಅಡಿಕೆಮರ ಸೀಳಿದ ದಬ್ಬೆಗಳನ್ನು ತಂತಿಯಿಂದ ಬಿಗಿದರು. ಮುಳ್ಳುತಂತಿ ಹೋಯಿತು. ಹೊತ್ತು ಮುಳುಗುವ ಮೊದಲು ಎಲ್ಲರೂ ನೀರಿನಿಂದ ಮೇಲೆ ಬರಬೇಕೆಂಬ ಕಟ್ಟುಪಾಡು ಬಂತು. ಅದನ್ನು ಜಾರಿಗೆ ತಂದವಳು ಸುಗ್ರಾಳೇ. ಎಷ್ಟು ಗಡುಸಾಗಿ ಎಂದರೆ, ಸವಳಂಗದಿಂದ ಮಗಳ ಮನೆಗೆ ಬಂದಿದ್ದ ಸಾವಂತ್ರಮ್ಮ ಎಂಬ ಮುದುಕಿ ಅರ್ಧ ಸೋಪು ಹಚ್ಚಿಕೊಂಡೇ ಮೇಲೆ ಬರಬೇಕಾಯಿತು. “ಇವಳಿಗಿಂತ ಮೊಸಳೆನೇ ವಾಸಿ” ಎಂದು ಆಕೆ ಬಸ್ಸು ಹತ್ತುವವರೆಗೂ ಹೇಳಿದಳು.

ಎಲ್ಲವೂ ಸಲೀಸಾಗಿ ನಡೆಯಿತೆಂದೇನಲ್ಲ. ದಬ್ಬೆಗಳನ್ನು ಮೊದಲು ಅತಿ ಒತ್ತಾಗಿ ಕಟ್ಟಿದ್ದರು. ಕಸ ಸಿಕ್ಕಿಕೊಂಡು ನೀರು ನಿಂತು ನಾರಿತು. ಬಿಚ್ಚಿ ಮತ್ತೆ ಕಟ್ಟಿದರು. ಮಳೆಗಾಲದ ಪ್ರವಾಹ ದಬ್ಬೆಗಳನ್ನೆಲ್ಲ ಕಿತ್ತೊಯ್ದು, ಎರಡು ಕಂಬಗಳನ್ನು ವಾಲಿಸಿ ಹೋಯಿತು. ಬೇಲಿಯನ್ನು ಹೊಳೆ ಒಪ್ಪಲಿಲ್ಲವೆಂದು ಕೆಲವರು ಸಮಾಧಾನಪಟ್ಟರು. ಸುಗ್ರಾ ಚಳಿಗಾಲದಲ್ಲಿ ಮತ್ತೆ ದಬ್ಬೆ ತರಿಸಿದಳು. “ಹೊಳೆ ವರ್ಷಾ ಕೀಳಲಿ. ನಾವು ವರ್ಷಾ ಕಟ್ಟೋಣ. ಮನೆಗೆ ಸುಣ್ಣ ಹೊಡೆಯಲ್ವಾ?” ಎಂದಳು. ಮೊಸಳೆ ತನ್ನ ಹಾಸುಬಂಡೆಗೆ ಮರಳಿತ್ತು. ಮೆಟ್ಟಿಲಿನ ಕಡೆ ಅದು ಬರುವುದು ತೀರಾ ಕಡಿಮೆಯಾಯಿತು. ಬರುವುದೇ ಇಲ್ಲವೆಂದು ಪರಶುರಾಮನೂ ಹೇಳಲಿಲ್ಲ, ಸುಗ್ರಾಳೂ ನಂಬಲಿಲ್ಲ. ಅವಳಿಗೆ ಅದರ ಮೇಲೆ ಪ್ರೀತಿಯೇನೂ ಹುಟ್ಟಿರಲಿಲ್ಲ. ಈಗಲೂ ನೀರಿಗೆ ಇಳಿಯುವಾಗ ಅವಳ ಗಾಯದ ಕಾಲು ತಾನಾಗಿಯೇ ಹಿಂದೆ ಉಳಿಯುತ್ತಿತ್ತು. ಎಡಗಾಲು ಮೊದಲು ಇಳಿಸಿ, ಬಲಗಾಲನ್ನು ಅವಳು ಎಳೆದುಕೊಳ್ಳುತ್ತಿದ್ದಳು.

ಆದರೆ ಇನ್ನೊಂದು ತುದಿ ಖಾಲಿಯಿತ್ತು. ಕೆಂಪಕ್ಕ ಬೇಲಿ ಕಟ್ಟುವಾಗ ದಬ್ಬೆ ಹೊತ್ತು ತಂದಳು, ಸುಗ್ರಾಳ ಮನೆಗೆ ಸಾರು ಕಳಿಸಿದಳು, ಮೆಟ್ಟಿಲ ಮೇಲೆ ಕುಳಿತು ಸೋಡಾ ಕಲಸಿಕೊಟ್ಟಳು. ಕೆಳಗಿನ ಮೆಟ್ಟಿಲಿಗೆ ಮಾತ್ರ ಇಳಿಯಲಿಲ್ಲ. ಬೇರೆ ಹೆಂಗಸರಿಗೆ ತಮ್ಮ ತಮ್ಮ ಒಗೆತವಿತ್ತು. ಸುಗ್ರಾ ಹಿಂಡಲು ಒಂದು ಉಪಾಯ ಮಾಡಿಕೊಂಡಳು: ಕೌದಿಯ ಒಂದು ತುದಿಯನ್ನು ಬೇಲಿಯ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ತಾನು ತಿರುಚುವುದು. ಕಂಬ ತಿರುಗುವುದಿಲ್ಲವಾದ್ದರಿಂದ ಕೌದಿ ಅರ್ಧ ನೀರು ಒಳಗೇ ಇಟ್ಟುಕೊಂಡು ಬರುತ್ತಿತ್ತು. ಊರವರು ಗೊಣಗಿದರು. ಕೆಲವರು ಕೌದಿ ಕೊಡುವುದನ್ನೇ ಬಿಟ್ಟರು.

ಈ ವರ್ಷವೂ ಯುಗಾದಿ, ರಂಜಾನ್ ಒಟ್ಟಿಗೆ ಬಂದವು. ಹಬ್ಬಕ್ಕೆ ಮೂರು ದಿನ ಇರುವಾಗ ಬೆಳಿಗ್ಗೆಯೇ ಮೆಟ್ಟಿಲು ತುಂಬಿತು. ಹೋದ ವರ್ಷ ಹೆದರಿ ಮನೆಯ ಟಾಕಿಯಲ್ಲೇ ತೊಳೆದಿದ್ದವರೆಲ್ಲ ಬಂದಿದ್ದರು. ಪ್ರದೀಪನ ತಾಯಿ ತನ್ನ ಮದುವೆಯ ಕೌದಿಯನ್ನು ಕಳಿಸಿದ್ದಳು. ಅದು ಸೂರಗೊಂಡನಕೊಪ್ಪದ ಲಂಬಾಣಿ ಹೆಂಗಸೊಬ್ಬಳು ಕನ್ನಡಿ ಚೂರು ಕೂರಿಸಿ ಹೊಲಿದುಕೊಟ್ಟದ್ದು. ಬೇರೆ ಕೌದಿಗಳ ಎರಡರಷ್ಟು ದಪ್ಪ. ಸುಗ್ರಾ ಅದನ್ನು ಹರಡಿ ಜಾಲಿಸಿ, ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ತಿರುಚತೊಡಗಿದಳು. ಮಳೆಗಾಲದಲ್ಲಿ ವಾಲಿದ್ದ ಕಂಬಗಳಲ್ಲಿ ಅದೂ ಒಂದು. ಅವಳು ಮೈಭಾರ ಹಾಕಿ ತಿರುಚಿದಂತೆ ಬುಡದ ಮಣ್ಣು ಸಡಿಲವಾಗಿ ಕಂಬ ಒಳಕ್ಕೆ ಬಾಗಿತು. ಅದಕ್ಕೆ ಬಿಗಿದ ಎರಡು ದಬ್ಬೆಗಳು ಸಿಡಿದು ತೇಲಿಹೋದವು. ಬೇಲಿಯಲ್ಲಿ ಆಳು ನುಸುಳುವಷ್ಟು ಸಂದಾಯಿತು.

ನೀರಿನಲ್ಲಿದ್ದ ಹೆಂಗಸರು ಮೆಟ್ಟಿಲು ಹತ್ತಿದರು. ಆಚೆಯ ಬಂಡೆಯ ಮೇಲೆ ಮೊಸಳೆ ಇತ್ತು, ಅಲುಗಲಿಲ್ಲ. ಸುಗ್ರಾ ಮಾತ್ರ ನೀರಿನಲ್ಲೇ ನಿಂತಿದ್ದಳು. ಕೌದಿಯ ಭಾರ ಅವಳ ಕೈ ಕಟ್ಟಿಹಾಕಿತ್ತು. ಬಿಟ್ಟರೆ ಸಂದಿನಿಂದ ಕೌದಿ ಹೊಳೆಗೆ ಹೋಗುತ್ತಿತ್ತು.

“ಬಿಟ್ಟು ಬಾರೇ” ಎಂದು ಮೇಲಿನಿಂದ ಕೆಂಪಕ್ಕ ಕೂಗಿದಳು.

“ಬಿಡಲ್ಲ. ಊರಿನೋರ ಕೌದಿ.”

“ಕಂಬ ಕಿತ್ತು ಅದಕ್ಕೆ ಬಾಗಿಲು ತೆಗೀತಿದ್ದೀಯಲ್ಲ, ಬುದ್ಧಿ ಐತೇನೇ ನಿನಗೆ? ಯಾರಾದ್ರೂ ಕೌದಿನ ಕಲ್ಲಿಗೆ ಕಟ್ಟಿ ಹಿಂಡ್ತಾರಾ?”

“ಮನುಷ್ಯರು ಬರದಿದ್ರೆ ಕಲ್ಲಿಗೇ ಕಟ್ಟಬೇಕು.”

ಕೆಂಪಕ್ಕ ಸೋಡಾದ ಬಕೆಟ್ಟನ್ನು ಪಕ್ಕಕ್ಕೆ ಒದ್ದಳು. ಬಯ್ಯುತ್ತಲೇ ಒಂದು ಮೆಟ್ಟಿಲು ಇಳಿದಳು. ಸುಗ್ರಾಳ ತವರನ್ನು ಬಯ್ದಳು, ಜಗಳೂರಿನವರಿಗೆ ನೀರಿನ ಬೆಲೆ ಗೊತ್ತೇ ಹೊರತು ಮರ್ಯಾದೆ ಗೊತ್ತಿಲ್ಲವೆಂದಳು, ಇನ್ನೊಂದು ಮೆಟ್ಟಿಲು ಇಳಿದಳು. ನೀರು ಪಾದಕ್ಕೆ ತಾಗಿದಲ್ಲಿ ಅವಳ ಬಯ್ಗುಳ ನಿಂತಿತು. ಕೆಂಪಕ್ಕ ತನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಸೀರೆಯನ್ನು ಕಚ್ಚೆ ಹಾಕಿ, ತೊಡೆಮಟ್ಟದ ನೀರಿಗಿಳಿದು, ಕಂಬದಿಂದ ಗಂಟು ಬಿಚ್ಚಿ, ಕೌದಿಯ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಳು.

“ಸಂದು?” ಎಂದಳು.

“ಹನುಮಣ್ಣನಿಗೆ ಹೇಳಿ ಕಳಿಸೀನಿ ಬಿಡು, ದಬ್ಬೆ ತರ್ತಾನೆ.”

“ಯಾವಾಗ ಹೇಳಿದೆ?”

“ಇನ್ನೂ ಹೇಳಿಲ್ಲ. ಮೇಲಿನೋರು ಯಾರಾದ್ರೂ ಹೋಗಿ ಹೇಳ್ತಾರೆ. ಸುಮ್ನೆ ನಿಂತಾರಲ್ಲ.”

ಮೇಲಿನಿಂದ ಒಬ್ಬಳು ಓಡಿದಳು. ಇನ್ನಿಬ್ಬರು ಕೆಳಗಿಳಿದು, ಒಗೆಯುವ ಹಲಗೆಯನ್ನು ಅಡ್ಡಲಾಗಿ ಹಿಡಿದು ಸಂದಿಗೆ ಒತ್ತಿ ನಿಂತರು.

ಇಬ್ಬರೂ ತಿರುಚಲು ಶುರುಮಾಡಿದರು. ಒಂದು ವರ್ಷದಿಂದ ಕಂಬಕ್ಕೆ ಕಟ್ಟಿ ಅರ್ಧ ಮಾತ್ರ ಹಿಂಡುತ್ತಿದ್ದ ಕೆಲಸ ಇದಾಗಿರಲಿಲ್ಲ. ನೀರು ಧಾರೆಯಾಗಿ ಸುರಿದು, ದಬ್ಬೆಗಳ ನಡುವಿನಿಂದ ಹಾದು ಹೊಳೆಗೆ ಹೋಯಿತು. ಕನ್ನಡಿ ಚೂರುಗಳು ಬಿಸಿಲಿಗೆ ಹೊಳೆದವು. ಕೆಂಪಕ್ಕನ ಕಣ್ಣು ಕೌದಿಯ ಮೇಲಿರಲಿಲ್ಲ, ಆಚೆಯ ಬಂಡೆಯ ಮೇಲಿತ್ತು.

“ಅದು ನೋಡ್ತೈತೆ ಕಣೇ.”

“ನೋಡಲಿ” ಎಂದಳು ಸುಗ್ರಾ. “ನೀನು ಬಿಗಿಯಾಗಿ ಹಿಡಿ.”